ನೋನಾಕಾದ ಸುಗಿ ಮರಗಳು

ದರ್ಶನವಾಗದೆ ಗುಡಿಯಿಂದ ಹೊರಡಲು ನಮಗೆ ಮನಸ್ಸು ಬರುವುದಿಲ್ಲ. ಜಪಾನಿನ ಹಳ್ಳಿಯ ಶಿಂತೊ ಗುಡಿಗಳಲ್ಲಿ ಒಳಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಎಷ್ಟೋ ಕಡೆ ಅರ್ಚಕರೂ ಇರುವುದಿಲ್ಲ. ಕೈ, ಬಾಯಿ ತೊಳೆದುಕೊಂಡು, ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ಆಯಿತು. ಕಾಣಲು ವಿಗ್ರಹವಿಲ್ಲ, ಕಣ್ಣು ತಾನಾಗಿ ಸುತ್ತಲಿನ ಮರಗಳ ಕಡೆ ಹೊರಳುತ್ತದೆ.

ವಾಕಯಾಮಾ ಪ್ರಾಂತ್ಯದ ಬೆಟ್ಟದೂರು ನೋನಾಕಾ. ಕುಮಾನೋ ಯಾತ್ರೆಯ ಹಳೆಯ ಕಾಲುದಾರಿಯ ಪಕ್ಕದಲ್ಲೇ ಅಲ್ಲಿನ ತ್ಸುಗಿಜಾಕುರಾ ಗುಡಿ ಇದೆ. ಗುಡಿ ಪುಟ್ಟದು, ಮೆಟ್ಟಿಲುಗಳ ಇಕ್ಕೆಲದ ಸುಗಿ (ಜಪಾನಿ ಸೀಡರ್) ಮರಗಳು ಮಾತ್ರ ಮಹಾಕಾಯದವು. ಕೆಂಗಂದು ತೊಗಟೆ ಉದ್ದುದ್ದ ಎಳೆಗಳಾಗಿ ಬಿಟ್ಟುಕೊಂಡಿರುತ್ತದೆ; ಬುಡದಲ್ಲಿ ಪಾಚಿ. ಕೊಂಬೆಗಳೆಲ್ಲ ದಕ್ಷಿಣಕ್ಕೇ ಚಾಚಿವೆ. ಅತ್ತ ಕುಮಾನೋ ಯಾತ್ರೆಯ ನಾಚಿ ಕ್ಷೇತ್ರವಿದೆ, ಮರಗಳೂ ಅದರ ಕಡೆಗೇ ಕೈಚಾಚಿವೆ ಎನ್ನುತ್ತಾರೆ. ಬಿಸಿಲೂ ಆ ಕಡೆಯಿಂದಲೇ ಬರುತ್ತದೆ. ಎರಡೂ ಮಾತು ನನಗೆ ಒಪ್ಪಿಗೆ.

ಈ ಮರಗಳು ಉಳಿದದ್ದೇ ದೊಡ್ಡದು. 1906ರಲ್ಲಿ ಜಪಾನ್ ಸರ್ಕಾರ ಊರೂರಿನ ಸಣ್ಣ ಗುಡಿಗಳನ್ನು ದೊಡ್ಡ ಗುಡಿಗಳಲ್ಲಿ ವಿಲೀನ ಮಾಡಲು ಹೊರಟಿತು. ಮುಂದಿನ ವರ್ಷಗಳಲ್ಲಿ ಹತ್ತಾರು ಸಾವಿರ ಗುಡಿಗಳು ಹೋದವು. ದೇವರ ಬನಗಳು ಮರಮುಟ್ಟಾಗಿ ಮಾರಾಟವಾದವು. ನೋನಾಕಾದಲ್ಲೂ ಕೊಡಲಿ ಬಿತ್ತು. ಬೆರಳೆಣಿಕೆಯ ಮರಗಳು ಬದುಕಿದ್ದು ಮಿನಾಕಾತಾ ಕುಮಾಗುಸು ಅವರ ಹಟದಿಂದ. ಲಂಡನ್ನಿನಲ್ಲಿ ವರ್ಷಗಟ್ಟಲೆ ಓದಿ ಬಂದು, ಹತ್ತಿರದ ತಾನಾಬೆಯಲ್ಲಿ ನೆಲೆಸಿ, ಶಿಲೀಂಧ್ರಗಳನ್ನು ಹುಡುಕುತ್ತ ಕಾಡು ಸುತ್ತುತ್ತಿದ್ದವರು ಅವರು. ಪತ್ರಿಕೆಗಳಿಗೆ ಬರೆದರು, ಅಧಿಕಾರಿಗಳಿಗೆ ಉದ್ದುದ್ದ ಕಾಗದ ಬರೆದರು, ಸಭೆಯೊಂದಕ್ಕೆ ನುಗ್ಗಿ ಗಲಾಟೆ ಮಾಡಿ 1910ರಲ್ಲಿ ಜೈಲಿಗೂ ಹೋದರು.

ಅವರ ವಾದದಲ್ಲಿ ಭಕ್ತಿ, ವಿಜ್ಞಾನ ಬೇರೆ ಬೇರೆಯಾಗಿರಲಿಲ್ಲ. ಬನ ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಹೊಲಕ್ಕೆ ಹುಳ ಬೀಳುತ್ತದೆ ಎಂದರು. ಊರ ಗುಡಿ ಮುಚ್ಚಿದರೆ ಜನ ದೇವರಿಗಾಗಿ ಮೈಲಿಗಟ್ಟಲೆ ನಡೆಯಬೇಕಾಗುತ್ತದೆ ಎಂದೂ ನೆನಪಿಸಿದರು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಮಾತು. ಕಡತದಲ್ಲಿ ದೇವರನ್ನು ಒಂದೂರಿನಿಂದ ಇನ್ನೊಂದೂರಿಗೆ ದಾಟಿಸುವುದು ಸುಲಭ. ದಿನಾ ಬೆಳಿಗ್ಗೆ ನಾಲ್ಕು ಮೆಟ್ಟಿಲು ಹತ್ತಿ, ಎರಡು ಚಪ್ಪಾಳೆ ತಟ್ಟಿ ಗದ್ದೆಗೆ ಹೋಗುತ್ತಿದ್ದ ಮುದುಕಿಯ ಲೆಕ್ಕವನ್ನು ಆ ಕಡತ ಇಟ್ಟಿರಲಿಲ್ಲ, ಕುಮಾಗುಸು ಇಟ್ಟಿದ್ದರು.