ಗುಂಗುರು ಕೂದಲು ಮತ್ತು ನಮ್ಮ ನೋಟ

ಹಳಿಯಾಳ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ನಾನು ಹಲವು ವರ್ಷ ಕನ್ನಡ ಕಲಿಸಿದ್ದೇನೆ. ಅಲ್ಲಿ ನನ್ನ ಬಳಿ ಓದಿದ್ದ ಸಿದ್ದಿ ಮುಸ್ಲಿಮ್ ಕುಟುಂಬದ ಹುಡುಗಿಯೊಬ್ಬಳು ಕಳೆದ ವರ್ಷ ಮನೆಗೆ ಬಂದಿದ್ದಳು. ಅವಳ ನಿಕಾಹ್ ನಿಶ್ಚಯವಾಗಿತ್ತು. ಚಹಾ ಕುಡಿದು ಅದೂ ಇದೂ ಮಾತಾಡಿದ ಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟಳು. ಅದು ಕೂದಲನ್ನು ನೆಟ್ಟಗೆ ಮಾಡುವ ಕ್ರೀಮು. ಕೂದಲಿಗೆ ಮೃದು, ಹಾನಿಯಿಲ್ಲ ಎಂದು ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು.

"ಅಕ್ಕೋರೆ, ಇದನ್ನ ಹಚ್ಚಿಕೊಂಡ್ರ ಹರಾಮ್ ಆಗ್ತದೇನ್ರಿ?" ಎಂದು ಕೇಳಿದಳು.

ನಾನು ವಿದ್ವಾಂಸಳಲ್ಲ. ಆದರೂ ಓದಿ, ಕೇಳಿ ತಿಳಿದದ್ದನ್ನು ಎರಡೇ ನಿಮಿಷದಲ್ಲಿ ಹೇಳಿಬಿಟ್ಟೆ. ಬೇರೆಯವರ ಕೂದಲನ್ನು ತಂದು ಜೋಡಿಸಿಕೊಳ್ಳುವುದನ್ನು ಪ್ರವಾದಿಯವರು(ಸ) ಕಠಿಣವಾಗಿ ನಿಷೇಧಿಸಿದ್ದಾರೆ. ಕಾಯಿಲೆಯಿಂದ ಕೂದಲು ಉದುರಿದ್ದ ಮದುಮಗಳೊಬ್ಬಳ ತಾಯಿ ಬಂದು ಕೇಳಿದಾಗಲೂ ಅನುಮತಿ ಕೊಡಲಿಲ್ಲ. ಆದರೆ ಇದು ನಿನ್ನದೇ ಕೂದಲು, ಇದರಲ್ಲಿ ಜೋಡಣೆಯಿಲ್ಲ. ಶರೀರಕ್ಕೆ ಹಾನಿಯಿಲ್ಲದಿದ್ದರೆ, ಯಾರನ್ನೂ ವಂಚಿಸುವ ಉದ್ದೇಶವಿಲ್ಲದಿದ್ದರೆ, ಪರಪುರುಷರ ಮುಂದೆ ಪ್ರದರ್ಶಿಸದಿದ್ದರೆ ಹಲವು ವಿದ್ವಾಂಸರು ಇದನ್ನು ಅನುವದನೀಯವೆನ್ನುತ್ತಾರೆ. ಶಾಶ್ವತವಾಗಿ ರೂಪ ಬದಲಿಸುವುದು ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸಿದಂತಾಗಬಹುದೆಂದು ಎಚ್ಚರಿಸುವವರೂ ಇದ್ದಾರೆ. ಇಷ್ಟು ಹೇಳಿ ಮುಗಿಸಿದೆ. ಅವಳು "ಹೂಂರಿ" ಎಂದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ದುಪಟ್ಟಾದ ಅಂಚಿನಿಂದ ಹೊರಬಂದಿದ್ದ ಕೂದಲನ್ನು ಒಳಗೆ ತೂರಿಸುತ್ತಾ, "ಮದುವಿ ಫೋಟೋದಾಗ ಇದು ಹಿಂಗ ಕಾಣಬಾರದಂತ್ರಿ. ಅತ್ತಿ ಹೇಳಿ ಕಳ್ಸ್ಯಾರ" ಎಂದಳು.

ಅವಳು ಹೋದ ಮೇಲೆಯೇ ನನಗೆ ಹೊಳೆದದ್ದು, ಅವಳು ಕೇಳಿದ್ದು ಫತ್ವಾವನ್ನಲ್ಲ ಎಂದು.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಮೊದಲಾದ ಕಡೆಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಿಕರು ಆಫ್ರಿಕದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಎಲ್ಲರೂ ಇದ್ದಾರೆ. ಮುಸ್ಲಿಮರು ಹೆಚ್ಚಾಗಿರುವುದು ಹಳಿಯಾಳದ ಸುತ್ತ. 2003ರಲ್ಲಿ ಸರಕಾರ ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸುವುದು ಸುಲಭ. ಅವರ ಮಕ್ಕಳು ಪೇಟೆಯ ಬಸ್ಸು ಹತ್ತಿದರೆ ಹಿಂದಿನ ಸೀಟಿನವರು ಕೂದಲು ಮುಟ್ಟಿ ನೋಡಿ ನಗುವುದನ್ನು ನಾನೇ ಕಂಡಿದ್ದೇನೆ. ನಗುವವರಲ್ಲಿ ತಲೆಗೆ ಟೋಪಿ ಹಾಕಿದವರೂ ಇದ್ದರು ಎಂಬುದನ್ನು ಮುಚ್ಚಿಡಲಾರೆ.

ಆದ್ದರಿಂದ ಈ ಕ್ರೀಮಿನ ಕತೆಯನ್ನು ಅದು ಹುಟ್ಟಿದ ನೆಲದಿಂದಲೇ ನೋಡಬೇಕು. ಅದು ಅಮೆರಿಕ. ಗುಲಾಮರ ವಂಶದ ಕಪ್ಪು ಜನರು ತಮ್ಮ ಕೂದಲನ್ನು ಬಿಳಿಯರ ಕೂದಲಿನಂತೆ ಮಾಡಿಕೊಳ್ಳಲು ಹೆಣಗಿದ ಕತೆ. ಅದನ್ನು ಅತ್ಯಂತ ಪ್ರಾಮಾಣಿಕವಾಗಿ ಹೇಳಿದವರು ಮಾಲ್ಕಂ ಎಕ್ಸ್. 1965ರಲ್ಲಿ, ಅವರ ಹತ್ಯೆಯ ಬಳಿಕ, ಪ್ರಕಟವಾದ ಆತ್ಮಕಥೆಯಲ್ಲಿ ಅವರು ಹದಿಹರೆಯದಲ್ಲಿ ಬಾಸ್ಟನ್ ನಗರದಲ್ಲಿ ಮೊದಲ ಸಲ ಕೂದಲು ನೆಟ್ಟಗೆ ಮಾಡಿಸಿಕೊಂಡ ಪ್ರಸಂಗವನ್ನು ವಿವರವಾಗಿ ಬರೆದಿದ್ದಾರೆ. ಗೆಳೆಯನೊಬ್ಬ ಆಲೂಗಡ್ಡೆ, ಮೊಟ್ಟೆ ಮತ್ತು ಕಾಸ್ಟಿಕ್ ಸೋಡಾ ಕಲಸಿ ತಲೆಗೆ ಹಚ್ಚುತ್ತಾನೆ. ತಲೆಗೆ ಬೆಂಕಿ ಬಿದ್ದಂತೆ ಉರಿ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ತೊಳೆದ ಮೇಲೆ ಕನ್ನಡಿ ನೋಡಿದರೆ ನೆಟ್ಟಗಿನ ನುಣುಪಾದ ಕೂದಲು, ಆನಂದವೋ ಆನಂದ. ಬಹಳ ವರ್ಷಗಳ ನಂತರ ಅದೇ ಕ್ಷಣವನ್ನು ನೆನೆದು, ನನ್ನನ್ನು ನಾನೇ ಕೀಳಾಗಿಸಿಕೊಂಡ ಮೊದಲ ದೊಡ್ಡ ಹೆಜ್ಜೆ ಅದಾಗಿತ್ತು ಎಂಬ ಅರ್ಥದಲ್ಲಿ ಅವರು ತೀರ್ಪು ಕೊಡುತ್ತಾರೆ. ಕಪ್ಪು ಮನುಷ್ಯ ಕೀಳು ಎಂಬ ಮಾತನ್ನು ಎಷ್ಟು ಆಳವಾಗಿ ನಂಬಿದ್ದರೆ ತನ್ನ ಚರ್ಮವನ್ನೇ ಸುಟ್ಟುಕೊಳ್ಳಲು ಒಪ್ಪುತ್ತಾನೆ ಎಂಬುದು ಅವರ ಪ್ರಶ್ನೆಯಾಗಿತ್ತು. 1964ರಲ್ಲಿ ಹಜ್ಜ್ ನಿರ್ವಹಿಸಿದ ಅವರು ಎಲ್ಲ ಬಣ್ಣದವರೂ ಒಂದೇ ತಟ್ಟೆಯಿಂದ ಉಣ್ಣುವುದನ್ನು ಕಂಡು ಬೆರಗಾದರು. ಹಜ್ಜ್‌ನಲ್ಲಿ ಎಲ್ಲ ಬಗೆಯ ಕೂದಲೂ ಒಂದೇ ನೆಲದ ಮೇಲೆ ಉದುರುತ್ತದೆ, ಗುಂಗುರು ಎಂದು ಯಾರೂ ಬೇರೆ ಗುಡಿಸುವುದಿಲ್ಲ.

ಮಾಲ್ಕಂ ಅವರ ಮಾತನ್ನು ಹಿಡಿದುಕೊಂಡು ಕೂದಲು ನೆಟ್ಟಗೆ ಮಾಡಿಸಿದ ಪ್ರತಿಯೊಬ್ಬಳನ್ನೂ ಹಂಗಿಸುವುದು ನ್ಯಾಯವಲ್ಲ. ಅಲ್ಲಿನ ಎಷ್ಟೋ ತಾಯಂದಿರು ಅದನ್ನು ಮಾಡಿದ್ದು ಶೃಂಗಾರಕ್ಕಲ್ಲ, ಅನ್ನಕ್ಕೆ. ಹುಟ್ಟುಗೂದಲಿನಲ್ಲಿ ಹೋದರೆ ಕೆಲಸ ಸಿಗುತ್ತಿರಲಿಲ್ಲ, ಮಕ್ಕಳನ್ನು ಶಾಲೆಯಿಂದ ಹಿಂದೆ ಕಳಿಸುತ್ತಿದ್ದರು. ಕೂದಲಿನ ಸ್ವರೂಪದ ಕಾರಣಕ್ಕೆ ಉದ್ಯೋಗದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ ಕಾನೂನು ಮಾಡಿದ್ದು 2019ರಲ್ಲಿ. ಅಮೆರಿಕದಲ್ಲಿ ಅಂತಹ ಕಾನೂನು ಮಾಡಿದ ಮೊದಲ ರಾಜ್ಯ ಅದು. ಅಲ್ಲಿಯ ತನಕ ಆ ತಾಯಂದಿರು ಏನು ಮಾಡಬೇಕಿತ್ತು?

ಇನ್ನು ಆ ಡಬ್ಬಿಯ ಮೇಲಿನ 'ಮೃದು' ಎಂಬ ಮಾತು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರೊಳಗಿನ ಗಂಧಕದ ಕೊಂಡಿಗಳು ಕೂದಲಿಗೆ ಅದರ ಸುರುಳಿಯನ್ನು ಹಿಡಿದಿಟ್ಟಿರುತ್ತವೆ. ಆ ಕೊಂಡಿಗಳನ್ನು ಮುರಿಯದೆ ಕೂದಲು ಬಹುಕಾಲ ನೆಟ್ಟಗೆ ನಿಲ್ಲುವುದಿಲ್ಲ. ಹಳೆಯ ಬಗೆಯ ಕ್ರೀಮಿನಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಸಾಬೂನು ಕಾಯಿಸುವ ಅದೇ ಕಾಸ್ಟಿಕ್ ಸೋಡಾ. ಕಾಸ್ಟಿಕ್ ಇಲ್ಲದ 'ಮೃದು' ಬಗೆಯಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ನಾವು ಎಲೆಗೆ ಹಚ್ಚುವ ಸುಣ್ಣವೇ. ಅದನ್ನು ಗ್ವಾನಿಡಿನ್ ಎಂಬ ಇನ್ನೊಂದು ವಸ್ತುವಿನ ದ್ರಾವಣದೊಡನೆ ಕಲಸಿ ಹಚ್ಚುತ್ತಾರೆ. ನೆತ್ತಿ ಉರಿಯುವುದು ಸ್ವಲ್ಪ ಕಡಿಮೆ ಎಂಬುದು ನಿಜ. ಆದರೆ ಅದರ ಕ್ಷಾರಗುಣ ಕಾಸ್ಟಿಕ್ಕಿಗಿಂತ ಹೆಚ್ಚು ಹಿಂದುಳಿದದ್ದೇನಲ್ಲ. ಸುಣ್ಣದ ಅಂಶ ಕೂತು ಕೂದಲು ಒಣಗಿ ಒರಟಾಗುವುದು ಈ ಬಗೆಯಲ್ಲೇ ಹೆಚ್ಚು. ನಮ್ಮೂರಿನ ಬ್ಯೂಟಿ ಪಾರ್ಲರುಗಳಲ್ಲಿ ಸ್ಮೂತನಿಂಗ್, ಸ್ಟ್ರೇಟನಿಂಗ್ ಎಂದು ಮಾಡುವುದು ಹೆಚ್ಚಾಗಿ ಥಯೋಗ್ಲೈಕೊಲೇಟ್ ಜಾತಿಯ ರಾಸಾಯನಿಕದಿಂದ. ರೋಮ ತೆಗೆಯುವ ಕ್ರೀಮಿನಲ್ಲಿರುವುದೂ ಇದೇ ಜಾತಿ, ಹದ ಮಾತ್ರ ಬೇರೆ. ಕೆರಾಟಿನ್ ಚಿಕಿತ್ಸೆ ಎಂದು ಕರೆಯುವ ಕೆಲವು ದ್ರಾವಣಗಳು ಇಸ್ತ್ರಿಯ ಬಿಸಿಗೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಯಾವ ಬಗೆಯಾದರೂ ಬುಡದಿಂದ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಹೊಸ ಕೂದಲು ಬರುತ್ತದೆ, ಅದು ಗುಂಗುರಾಗಿಯೇ ಬರುತ್ತದೆ. ಆದ್ದರಿಂದ ಎರಡು ತಿಂಗಳಿಗೊಮ್ಮೆ ಮತ್ತೆ ಅದೇ ಡಬ್ಬಿ.

2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 33,497 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿದ ಫಲಿತಾಂಶ ಪ್ರಕಟಿಸಿದರು. ಇಂತಹ ಕ್ರೀಮುಗಳನ್ನು ಎಂದೂ ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಅದು 4.05 ಎಂದು ಅವರ ಅಂದಾಜು. ಕ್ರೀಮೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ, ಸಂಬಂಧ ಕಂಡಿದೆ ಅಷ್ಟೆ. ಬಳಸಿದವರಲ್ಲಿಯೂ ಬಹುಪಾಲು ಮಂದಿಗೆ ಏನೂ ಆಗಲಿಲ್ಲ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಕೈಯಾರೆ ನಾಶಕ್ಕೆ ಬೀಳಬೇಡಿರೆಂದು ಕುರ್‌ಆನ್ ಎಚ್ಚರಿಸಿರುವಾಗ, ಹಾನಿಯಿಲ್ಲದಿದ್ದರೆ ಅನುವದನೀಯ ಎಂದು ನಾನು ಎರಡು ನಿಮಿಷದಲ್ಲಿ ಹೇಳಿದ ಆ 'ಹಾನಿಯಿಲ್ಲದಿದ್ದರೆ' ಎಷ್ಟು ಭಾರದ ಪದವೆಂದು ಈಗ ತಿಳಿಯುತ್ತಿದೆ.

ಮತ್ತೊಂದು ವಿಷಯವನ್ನು ಪಾರ್ಲರಿನವರು ಹೇಳುವುದಿಲ್ಲ, ಅದು ಅವರ ಕೆಲಸವೂ ಅಲ್ಲ. ಕೂದಲು ನೆಟ್ಟಗೆ ಮಾಡಿಸಿದ ಬಳಿಕ ಮೂರು ದಿನ ತಲೆಗೆ ನೀರು ತಾಗಿಸಬೇಡಿ ಎನ್ನುವುದು ಹಲವು ಕಡೆ ರೂಢಿ. ಆ ಮೂರು ದಿನಗಳಲ್ಲಿ ವುಝೂವಿಗೆ ತಲೆ ಸವರುವುದು ಹೇಗೆ? ಕಡ್ಡಾಯ ಸ್ನಾನ ಮಾಡಬೇಕಾಗಿ ಬಂದರೆ? ಕೂದಲು ಕೆಡುತ್ತದೆಂದು ನಮಾಝನ್ನೇ ಮುಂದೂಡಿದ ಮದುಮಗಳನ್ನು ನಾನು ಬಲ್ಲೆ. ಅವಳನ್ನು ಗದರುವವರಿದ್ದರು, ಮೊದಲೇ ಹೇಳಿದವರು ಯಾರೂ ಇರಲಿಲ್ಲ.

ಸೌಂದರ್ಯವನ್ನು ಇಸ್ಲಾಮ್ ಕಡೆಗಣಿಸಿಲ್ಲ. ಕೂದಲಿರುವವನು ಅದನ್ನು ಗೌರವದಿಂದ ನೋಡಿಕೊಳ್ಳಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಬಯಸುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ, ಅಲ್ಲಾಹನು ಸುಂದರನು, ಸೌಂದರ್ಯವನ್ನು ಇಷ್ಟಪಡುವವನು ಎಂದರು. ನಾವು ಅಷ್ಟಕ್ಕೇ ನಿಲ್ಲಿಸಿ ಮದುವೆ ಮನೆಗಳಲ್ಲಿ ಅದನ್ನು ಉದ್ಧರಿಸುತ್ತೇವೆ. ಆ ವಚನದ ಉಳಿದ ಭಾಗದಲ್ಲಿ ಅಹಂಕಾರವೆಂದರೆ ಏನೆಂದು ಅವರೇ ತಿಳಿಸಿದ್ದಾರೆ: ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು. ಹಾಗಾದರೆ ಅಹಂಕಾರ ಇರುವುದು ಕನ್ನಡಿಯ ಮುಂದೆ ನಿಂತ ಹುಡುಗಿಯಲ್ಲೋ, ಅವಳ ತಲೆ ನೋಡಿ ಮುಖ ತಿರುಗಿಸಿದವರಲ್ಲೋ?

ಬುಖಾರಿಯಲ್ಲಿ ಅನಸ್(ರ) ವರದಿ ಮಾಡಿದ ಒಂದು ಹದೀಸ್ ಇದೆ. ಒಣದ್ರಾಕ್ಷಿಯಂತಹ ತಲೆಯ ಅಬಿಸೀನಿಯದ ಗುಲಾಮನನ್ನು ನಿಮ್ಮ ಮೇಲೆ ಅಧಿಕಾರಿಯನ್ನಾಗಿ ನೇಮಿಸಿದರೂ ಅವನ ಮಾತು ಕೇಳಬೇಕೆಂಬುದು ಅದರ ಸಾರ. ದ್ರಾಕ್ಷಿಯ ಹೋಲಿಕೆ ಬಂದದ್ದು ಗಿಡ್ಡನೆಯ ಸುರುಳಿಗೂದಲಿನಿಂದ ಎಂದು ವ್ಯಾಖ್ಯಾನಿಸಿದವರಿದ್ದಾರೆ. ಆ ಹೋಲಿಕೆ ಅಂದಿನ ಅರಬರ ಕಣ್ಣಿನದು, ಅವರು ಯಾರನ್ನು ಹಗುರವಾಗಿ ಕಾಣುತ್ತಿದ್ದರೋ ಅವರದು. ನೀವು ಕೀಳೆನ್ನುವ ಆ ತಲೆಯ ಮುಂದೆಯೇ ವಿಧೇಯರಾಗಿರಿ ಎಂದು ಪ್ರವಾದಿಯವರು(ಸ) ಆಜ್ಞಾಪಿಸಿದರು. ಮಕ್ಕಾ ವಿಜಯದ ದಿನ ಕಅಬಾದ ಮೇಲೆ ನಿಂತು ಅಝಾನ್ ಕೊಟ್ಟವರು ಅಬಿಸೀನಿಯ ಮೂಲದ ಬಿಲಾಲ್(ರ). ಇದನ್ನು ನಾವು ಮದ್ರಸದ ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತೇವೆ, ಸಂಬಂಧ ನೋಡುವಾಗ ಮರೆಯುತ್ತೇವೆ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದೆಂದ ಸೂರಃ ಹುಜುರಾತ್ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿ ಹೇಳಿರುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಯೋಚಿಸಿಕೊಂಡು, ಸ್ವಲ್ಪ ಸಿಟ್ಟಿನಿಂದಲೇ, ನಾನು ಆ ಹುಡುಗಿಯ ಭಾವೀ ಅತ್ತೆಯ ಮನೆಗೆ ಹೋದೆ. ಆಕೆಯೂ ಸಿದ್ದಿಯೇ, ಆಕೆಯದೂ ಅದೇ ಕೂದಲು. ನಾನು ಮಾತು ತೆಗೆಯುತ್ತಿದ್ದಂತೆ ಆಕೆ ಹೇಳಿದಳು: "ನನ್ನ ಮದುವ್ಯಾಗೂ ಹಿಂಗ ಅಂದಿದ್ರು ಅಕ್ಕೋರೆ. ಆವಾಗ ಇಂಥಾ ಕ್ರೀಮ್ ಎಲ್ಲಿತ್ತರಿ? ಹಣಿ ತನಕ ಸೆರಗ ಎಳದು ಕುಂದ್ರಿಸಿದ್ರು. ಪ್ಯಾಟಿ ಮಂದಿ ಬರ್ತಾರ, ಆ ಹುಡುಗಿನ ನೋಡಿ ನಗಬಾರದು ಅಂತ ಹೇಳಿದೆ." ಕಟ್ಟಿಕೊಂಡು ಹೋಗಿದ್ದ ಆಯತ್ತು, ಹದೀಸ್ ಯಾವುದೂ ನನ್ನ ಬಾಯಿಂದ ಹೊರಡಲಿಲ್ಲ. ಅವನ್ನು ಕೇಳಬೇಕಾದವರು ಆ ಮನೆಯಲ್ಲಿರಲಿಲ್ಲ.

ಹಿಂತಿರುಗುವಾಗ ಹುಡುಗಿಯ ಮನೆಗೂ ಹೋಗಿ ಮೊದಲು ಹೇಳದೆ ಬಿಟ್ಟದ್ದನ್ನೆಲ್ಲ ಹೇಳಿದೆ. ಹಚ್ಚುವುದೇ ಆದರೆ ನೆತ್ತಿಯಲ್ಲಿ ಗಾಯವಿರುವಾಗ ಬೇಡ, ಗರ್ಭಿಣಿಯಾಗಿರುವಾಗ ವೈದ್ಯರನ್ನು ಕೇಳದೆ ಬೇಡ, ಗಂಡನಾಗುವವನಿಗೆ ನಿನ್ನ ಹುಟ್ಟುಗೂದಲು ಹೇಗಿದೆಯೆಂದು ತಿಳಿದಿರಲಿ, ನೀರು ತಾಗಿಸಬಾರದ ಕ್ರೀಮಾದರೆ ಅದನ್ನು ಮುಟ್ಟಲೇಬೇಡ. ಅವಳು ಎಲ್ಲ ಕೇಳಿ, "ನೀವು ನನ್ನ ಜಾಗಾದಾಗ ಇದ್ದಿದ್ರ ಏನ್ ಮಾಡ್ತಿದ್ರಿ ಅಕ್ಕೋರೆ?" ಎಂದಳು. ನನ್ನ ಕೂದಲು ಹುಟ್ಟಿನಿಂದಲೇ ನೆಟ್ಟಗಿದೆ, ಈ ಪ್ರಶ್ನೆಯನ್ನು ನನಗೆ ಯಾರೂ ಎಂದೂ ಒಡ್ಡಿಲ್ಲ ಎಂದೆ.

ನಿಕಾಹ್‌ನ ದಿನ ಅವಳ ತಾಯಿ ಬೆಳಿಗ್ಗೆಯಿಂದ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಸಣ್ಣ ಸಣ್ಣ ಜಡೆ ಹೆಣೆದಿದ್ದಳು. ಅಂದು ಡಬ್ಬಿ ತೆರೆದಿರಲಿಲ್ಲ. ಆಮೇಲೆ ತೆರೆದಳೋ ಇಲ್ಲವೋ, ನಾನು ಕೇಳಿಲ್ಲ.