ಲಾವಕ್ಕಿಯ ಹೆಂಟೆ



ನಮ್ಮ ಹಿತ್ತಲ ತಟ್ಟೆಗೆ ನವಣೆ ತಿನ್ನಲು ಬಂದ ರಾಟವಾಳವನ್ನು ನಿನ್ನೆ ಗಿಡುಗ ಒಯ್ದಿತು. "ನೀನೇ ಕರೆದು ಕೊಲ್ಲಿಸಿದೆ ಅಪ್ಪ" ಎಂದಳು ಮಗಳು. ಪಾಠ ಹೇಳುವವನಿಗೆ ಉತ್ತರ ತೋಚಲಿಲ್ಲ.

ಸಂಯುತ್ತ ನಿಕಾಯದ ಸಕುಣಗ್ಘಿ ಸುತ್ತ ನೆನಪಾಯಿತು. ನೆಲೆ ಬಿಟ್ಟು ಮೇಯಹೋದ ಲಾವಕ್ಕಿ ಗಿಡುಗಕ್ಕೆ ಸಿಕ್ಕಿತು. ಬಿಡಿಸಿಕೊಂಡು ಹಿರಿಯರ ನೆಲೆಯಾದ ಉತ್ತ ಹೊಲಕ್ಕೆ ಮರಳಿ, ಹೆಂಟೆಯ ಮೇಲೆ ನಿಂತು ತಾನೇ ಗಿಡುಗವನ್ನು ಕೂಗಿತು! ಅದು ಎರಗಿದಾಗ ಹೆಂಟೆಯ ಮರೆಗೆ ಸರಿಯಿತು. ಗಿಡುಗದ ಎದೆ ಹೆಂಟೆಗೇ ಬಡಿಯಿತು.

ನಮಗೆ ಹಿರಿಯರ ನೆಲೆಯೆಂದರೆ ಊರಾಚೆಯ ಕೇರಿ ಎಂದು ತೋರಿಸಿದವರುಂಟು. ಬುದ್ಧರು ತೋರಿದ್ದು ಕಾಯ, ವೇದನೆ, ಚಿತ್ತ, ಧಮ್ಮಗಳಲ್ಲಿನ ಎಚ್ಚರವನ್ನು. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಮರಳಿಸಿದ್ದು ಈ ನೆಲೆಗೆ.

ಬೆಳಿಗ್ಗೆ ಮಗಳೂ ನಾನೂ ತಟ್ಟೆಯನ್ನು ದಾಸವಾಳದ ಪೊದೆಯ ಪಕ್ಕಕ್ಕೆ ಸರಿಸಿದೆವು. ರಾಟವಾಳಗಳು ಇನ್ನೂ ಬಂದಿಲ್ಲ.