ಬೆಳೆಯದ ಮಗು ಕೇಳುವ ಪ್ರಶ್ನೆ

ಮಕ್ಕಳನ್ನು ನಾವು ಪ್ರೀತಿಸುತ್ತೇವೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನಾವು ಪ್ರೀತಿಸುವುದು ಕಣ್ಣೆದುರಿನ ಮಗುವನ್ನೋ, ಆ ಮಗುವಿನ ಮೂಲಕ ಈಡೇರಬೇಕಾದ ನಮ್ಮ ಆಸೆಯನ್ನೋ? ತತ್ವಜ್ಞಾನಿಗಳು ಎತ್ತಬೇಕಾದ ಈ ಪ್ರಶ್ನೆಯನ್ನು ಜಪಾನಿನ ಒಬ್ಬ ಚಿತ್ರಕಥೆಗಾರರು ಬಾಲಕರ ಮಾಸಿಕವೊಂದರಲ್ಲಿ ಎತ್ತಿದರು. ಅವರು ಒಸಾಮು ತೆಜುಕ. ಅವರು ಸೃಷ್ಟಿಸಿದ ಯಂತ್ರಬಾಲಕನ ಹೆಸರು ಆಟಮ್.

1928ರಲ್ಲಿ ಹುಟ್ಟಿದ ತೆಜುಕ ವೈದ್ಯಶಾಸ್ತ್ರ ಓದಿದವರು. ಹದಿಹರೆಯದಲ್ಲೇ ಒಸಾಕಾ ನಗರ ಬಾಂಬಿನ ಬೆಂಕಿಯಲ್ಲಿ ಉರಿಯುವುದನ್ನು ಕಂಡವರು. 1951ರಲ್ಲಿ 'ಶೋನೆನ್' ಮಾಸಿಕದಲ್ಲಿ ಆಟಮ್ ಮೊದಲು ಕಾಣಿಸಿಕೊಂಡದ್ದು ನಾಯಕನಾಗಿ ಅಲ್ಲ, ಒಂದು ಉಪಪಾತ್ರವಾಗಿ. ಭೂಮಿಯ ಜನರಿಗೂ ಅವರಂತೆಯೇ ಮುಖವಿರುವ ಬಾಹ್ಯಾಕಾಶದ ಜನರಿಗೂ ಜಗಳ ಹತ್ತಿದಾಗ ನಡುವೆ ನಿಂತು ಸಂಧಾನ ನಡೆಸುವ ರಾಯಭಾರಿ ಅವನು. ಆಗ ಜಪಾನ್ ಯುದ್ಧದಲ್ಲಿ ಸೋತು ವಿದೇಶಿ ಸೈನ್ಯದ ಆಡಳಿತದಲ್ಲಿತ್ತು. ಎರಡು ಕಡೆಯವರಿಗೂ ಪೂರ್ತಿ ಸೇರದವನೇ ಎರಡು ಕಡೆಯವರ ಮಾತು ಕೇಳಬಲ್ಲ ಎಂಬ ಕಲ್ಪನೆ ಆ ಕಾಲದಲ್ಲಿ ಹುಟ್ಟಿದ್ದು ಆಕಸ್ಮಿಕವಲ್ಲ. 1952ರಲ್ಲಿ ಅವನದೇ ಹೆಸರಿನ ಕಥಾಮಾಲೆ ಆರಂಭವಾಗಿ 1968ರವರೆಗೆ ನಡೆಯಿತು.

ಅವನ ಹುಟ್ಟಿನ ಕಥೆ ಹೀಗಿದೆ. ವಿಜ್ಞಾನಿ ಡಾ. ತೆನ್ಮಾ ಅವರ ಮಗ ತೊಬಿಯೊ ವಾಹನ ಅಪಘಾತದಲ್ಲಿ ಸಾಯುತ್ತಾನೆ. ದುಃಖದಿಂದ ಕಂಗೆಟ್ಟ ತಂದೆ ಮಗನದೇ ರೂಪದ ಯಂತ್ರವನ್ನು ನಿರ್ಮಿಸುತ್ತಾನೆ. ಕೆಲಕಾಲ ಮನೆಯಲ್ಲಿ ಸಂತೋಷ ಮರಳುತ್ತದೆ. ಆದರೆ ಈ ಮಗು ಎತ್ತರವಾಗುವುದಿಲ್ಲ, ದೊಡ್ಡವನಾಗುವುದಿಲ್ಲ. ಅದು ಗೊತ್ತಾದ ದಿನ ತಂದೆಯ ಪ್ರೀತಿ ಕೋಪವಾಗುತ್ತದೆ. ಮಗುವನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಅಲ್ಲಿಂದ ಅವನನ್ನು ಬಿಡಿಸಿ ತಂದು ಆಸರೆ ಕೊಡುವವರು ಡಾ. ಒಚನೊಮಿಜು ಎಂಬ ಇನ್ನೊಬ್ಬ ವಿಜ್ಞಾನಿ.

ತೆನ್ಮಾನನ್ನು ದುಷ್ಟನೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ದುಃಖ ಸುಳ್ಳಲ್ಲ, ಪ್ರೀತಿಯೂ ಸುಳ್ಳಲ್ಲ. ಅದು ಆಟಮ್‌ನ ಮೇಲಿನ ಪ್ರೀತಿಯಾಗಿರಲಿಲ್ಲ, ಅಷ್ಟೇ. ಅವನಿಗೆ ಬೇಕಾಗಿದ್ದವನು ತೊಬಿಯೊ. ಇನ್ನೊಬ್ಬರ ಖಾಲಿ ಜಾಗ ತುಂಬಲೆಂದು ತಂದ ಮಗು ಆ ಜಾಗಕ್ಕೆ ಹೊಂದದಿದ್ದಾಗ ತಪ್ಪಿತಸ್ಥನಾಯಿತು. ನಮ್ಮ ಮನೆಗಳಲ್ಲಿ ಇದು ಅಪರೂಪವೇ? ತಾನು ವೈದ್ಯನಾಗದ ತಂದೆ ಮಗನನ್ನು ವೈದ್ಯನಾಗಿಸಲು ಹೊರಡುತ್ತಾನೆ. ಮಗಳು ನಮ್ಮ ಅಳತೆಗೆ ಬೆಳೆಯದಿದ್ದರೆ 'ನಿನ್ನಿಂದ ಏನೂ ಆಗದು' ಎಂಬ ಒಂದೇ ಮಾತಿನಲ್ಲಿ ಅವಳನ್ನು ನಮ್ಮ ಮನಸ್ಸಿನಿಂದ ಹೊರಹಾಕುತ್ತೇವೆ.

ಹೆತ್ತವರಿಗೆ ನಿರೀಕ್ಷೆಯೇ ಇರಬಾರದೇ ಎಂದು ಕೇಳಬಹುದು. ಇರಬೇಕು. ನಿರೀಕ್ಷೆಯಿಲ್ಲದ ಪೋಷಣೆ ಎಷ್ಟೋ ಸಲ ಉದಾಸೀನತೆಯ ಇನ್ನೊಂದು ಹೆಸರು. ಒಚನೊಮಿಜು ಕೂಡ ಆಟಮ್‌ನನ್ನು ಸುಮ್ಮನೆ ಕೂರಿಸಲಿಲ್ಲ, ಅವನಿಂದ ಬಹಳಷ್ಟನ್ನು ಬಯಸಿದರು. ಆದರೆ ಅವರ ಆಸರೆ ಅದರ ಮೇಲೆ ನಿಂತಿರಲಿಲ್ಲ. ನಿರೀಕ್ಷೆ ಮಗುವಿಗೆ ದಾರಿ ತೋರಿಸುತ್ತದೆ. ಅದೇ ಷರತ್ತಾದಾಗ ಬಾಗಿಲು ತೋರಿಸುತ್ತದೆ.

ಈ ಕಥೆಯನ್ನು ಜನರು ಸ್ವೀಕರಿಸಿದ ರೀತಿಯೂ ಯೋಚನೆಗೆ ಹಚ್ಚುವಂಥದ್ದು. 1963ರ ಜನವರಿ 1ರಂದು ಫುಜಿ ಟೆಲಿವಿಷನ್‌ನಲ್ಲಿ ಆಟಮ್ ಚಲಿಸತೊಡಗಿದ. 1966ರ ಕೊನೆಯ ದಿನದವರೆಗೆ 193 ಕಂತುಗಳು ಬಂದವು. 1963ರಲ್ಲೇ ಅಮೆರಿಕದ ಮಕ್ಕಳು ಅವನನ್ನು 'ಆಸ್ಟ್ರೋ ಬಾಯ್' ಎಂದು ಕರೆದರು. ಲಕ್ಷ ಅಶ್ವಶಕ್ತಿ, ಬೆಂಕಿಯುಗುಳುವ ಕಾಲುಗಳು, ಏಳು ಶಕ್ತಿಗಳು ಎಲ್ಲರಿಗೂ ಇಷ್ಟವಾದವು. ಮಾರಲ್ಪಟ್ಟ ಮಗುವಿನ ಅಳು ಅಷ್ಟಾಗಿ ಕೇಳಿಸಲಿಲ್ಲ. ತನ್ನ ಕೃತಿಯನ್ನು ವಿಜ್ಞಾನದ ಗುಣಗಾನವೆಂದೇ ಓದಲಾಯಿತೆಂಬ ಕೊರಗು ತೆಜುಕರಿಗೆ ಕೊನೆಯವರೆಗೂ ಇತ್ತು. ಕಥೆಯಲ್ಲಿ ಆಟಮ್ ಹುಟ್ಟಿದ ದಿನ 2003ರ ಏಪ್ರಿಲ್ 7. ಆ ವರ್ಷ ಸೈತಾಮ ಪ್ರಾಂತ್ಯದ ನೀಜಾ ನಗರ ಅವನನ್ನು ತನ್ನ ವಿಶೇಷ ನಿವಾಸಿಯಾಗಿ ನೋಂದಾಯಿಸಿತು. ಇದು ಸುಂದರವಾದ ಗೌರವ. ಆದರೆ ಕಾಗದದ ಬಾಲಕನಿಗೆ ಪ್ರೀತಿಯಿಂದ ಬಾಗಿಲು ತೆರೆಯುವ ನಮ್ಮ ಲೋಕದಲ್ಲಿ ರಕ್ತಮಾಂಸದ ಎಷ್ಟೋ ಮಕ್ಕಳು ಒಂದು ಗುರುತಿನ ಕಾಗದಕ್ಕಾಗಿ ಕಾಯುತ್ತಾ ದೊಡ್ಡವರಾಗುತ್ತಾರೆ.

ಸೃಷ್ಟಿಕರ್ತರ ಕಡೆಯಿಂದಲೂ ಒಂದು ಪ್ರಶ್ನೆ ಉಳಿಯುತ್ತದೆ. ತೆಜುಕ ತಮ್ಮ ಕಂತುಗಳನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ದೂರದರ್ಶನಕ್ಕೆ ಕೊಟ್ಟರು. ಚಿತ್ರಗಳ ಸಂಖ್ಯೆ ಇಳಿಸಿ ಹೇಗೋ ನಿಭಾಯಿಸಿದರು. ಅವರು ಸ್ಥಾಪಿಸಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. ಜಪಾನಿನ ಅನಿಮೇಷನ್ ಕಲಾವಿದರ ಕಡಿಮೆ ಸಂಬಳಕ್ಕೆ ಆ ಮೊದಲ ಬೆಲೆಯೇ ಮೂಲವೆಂಬ ಟೀಕೆ ಇಂದಿಗೂ ಇದೆ. ಇಡೀ ಹೊಣೆಯನ್ನು ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ದುಡಿಯುವ ಯಂತ್ರಗಳ ಮಾನಕ್ಕಾಗಿ ಮರುಗಿದ ಕಥೆಯನ್ನು ರಾತ್ರಿಯೆಲ್ಲ ಕೂತು ಬರೆದ ಕೈಗಳ ಬಗ್ಗೆ ನಾವು ಎಷ್ಟು ಯೋಚಿಸಿದ್ದೇವೆ? ಕೃತಿಯನ್ನು ಪ್ರೀತಿಸಿ ಅದನ್ನು ಮಾಡಿದವರನ್ನು ಮರೆಯುವುದೂ ಷರತ್ತಿನ ಪ್ರೀತಿಯೇ.

ಆಟಮ್ ತನ್ನನ್ನು ಮಾರಿದ ಮನುಷ್ಯಕುಲದ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ. ಮೊದಲ ದೂರದರ್ಶನ ಮಾಲೆಯ ಕೊನೆಯಲ್ಲಿ ಅವನು ಭೂಮಿಯನ್ನು ಉಳಿಸಲು ಸೂರ್ಯನತ್ತ ಹಾರುತ್ತಾನೆ. ಅವನ ಈ ಒಳ್ಳೆಯತನವನ್ನು ಕೊಂಡಾಡಿ ನಾವು ಸುಮ್ಮನಾಗಬಾರದು. ನೊಂದ ಮಗು ಒಳ್ಳೆಯದಾಗಿಯೇ ಉಳಿಯಲಿ ಎಂದು ಬಯಸುವುದು ಸುಲಭ. ಮಗು ನೋಯದಂತೆ ನೋಡಿಕೊಳ್ಳುವುದು ಕಷ್ಟ. ಹಿರಿಯರಾದ ನಮ್ಮ ಪಾಲಿನ ಕೆಲಸ ಆ ಎರಡನೆಯದು.